ಮುಂಬಯಿಯಿಂದ ಕುಂದಾಪುರಕ್ಕೆ ಕಾರಿನಲ್ಲಿ: ಕರಾವಳಿ ದಾರಿಯಲ್ಲಿ ಊಟ ಎಲ್ಲಿ, ಯಾವಾಗ?

ಠಾಣೆ ಪಶ್ಚಿಮ

ಎಲ್ಲರಿಗೂ ನಮಸ್ಕಾರ. ಈ ಸಲ ಡಿಸೆಂಬರ್ ರಜೆಗೆ ಊರಿಗೆ ಕಾರಿನಲ್ಲೇ ಹೊರಟಿದ್ದೇವೆ. ಊರು ಕುಂದಾಪುರ. ಹೆಂಡತಿ, ಇಬ್ಬರು ಮಕ್ಕಳು, ಅಪ್ಪ ಜತೆಗಿರುತ್ತಾರೆ. ಅವಸರ ಏನೂ ಇಲ್ಲ. ಮಾಲವಣದಲ್ಲಿ ಒಂದು ರಾತ್ರಿ, ಪಣಜಿಯಲ್ಲಿ ಒಂದು ರಾತ್ರಿ ಉಳಿದು ಮೂರನೇ ದಿನ ಸಂಜೆ ಮನೆ ಸೇರುವ ಲೆಕ್ಕ.

ರಸ್ತೆ ಎಲ್ಲಿ ಕೆಟ್ಟಿದೆ, ಟೋಲ್ ಎಲ್ಲಿದೆ ಅಂತ ಕೇಳಿದರೆ ಹತ್ತು ಜನ ಹೇಳುತ್ತಾರೆ. ಊಟದ ಮಾತು ಬಂದರೆ ಮಾತ್ರ ಎಲ್ಲರ ಬಾಯಲ್ಲೂ ಫುಡ್ ಮಾಲ್. ಪನ್ವೇಲ್‌ನಿಂದ ಗೋವಾ ತನಕ ಇಡೀ ಕೊಂಕಣ ದಾಟಿ, ಅಲ್ಲಿಯದು ಒಂದು ತುತ್ತೂ ತಿನ್ನದೆ ಪನೀರ್ ಬಟರ್ ಮಸಾಲಾ ತಿಂದು ಬಂದರೆ ಏನು ಚೆಂದ? ಮಕ್ಕಳಿಗೆ ಮೀನು ಅಂದರೆ ಪ್ರಾಣ. ಅಪ್ಪ ಕೆಲವು ವರ್ಷದಿಂದ ಮೀನು ಬಿಟ್ಟಿದ್ದಾರೆ. ಆಯಾ ಊರಿನವರೇ ಹೋಗಿ ಉಣ್ಣುವ ಜಾಗ ಗೊತ್ತಿದ್ದವರು ದಯವಿಟ್ಟು ಹೇಳಿ.

ಡೊಂಬಿವಲಿ ಪೂರ್ವ

ಅಣ್ಣ, ಹೋಟೆಲ್ ಹೆಸರು ಆಮೇಲೆ. ಮೊದಲು ಗಂಟೆ ನೋಡಿಕೊಳ್ಳಿ. ಈ ದಾರಿಯಲ್ಲಿ ಒಳ್ಳೆ ಊಟ ಸಿಗುವುದು ಬಿಡುವುದು ಗಡಿಯಾರದ ಕೈಯಲ್ಲಿದೆ. ವರ್ಷಾ ವರ್ಷಾ ಓಡಾಡಿ ನಾನು ಕಂಡುಕೊಂಡದ್ದು ಇದೇ.

ಯಾಕೆ ಅಂತ ಹೇಳುತ್ತೇನೆ. ಕೊಂಕಣದ ಖಾನಾವಳಿ ನಮ್ಮ ಮುಂಬಯಿ ಹೋಟೆಲಿನ ಹಾಗೆ ಬೆಳಿಗ್ಗೆಯಿಂದ ರಾತ್ರಿ ತನಕ ನಡೆಯುವುದಿಲ್ಲ. ಹೆಚ್ಚಿನವು ಒಂದು ಮನೆಯವರು ನಡೆಸುವಂಥವು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಅಂದಿನ ಮೀನು ತರುತ್ತಾರೆ. ಕಾಯಿ ತುರಿದು, ಮಸಾಲೆ ಅರೆದು ಹನ್ನೆರಡೂವರೆಗೆ ಒಲೆಯಿಂದ ಇಳಿಸುತ್ತಾರೆ. ಎರಡು, ಎರಡೂವರೆ ತನಕ ಬಡಿಸುತ್ತಾರೆ. ಮೂರು ಗಂಟೆಗೆ ಪಾತ್ರೆ ತೊಳೆದು ಮಲಗುತ್ತಾರೆ. ನೀವು ಮೂರೂವರೆಗೆ ಕಾರು ನಿಲ್ಲಿಸಿದರೆ ಸಾರು ತಳ ಹಿಡಿದಿರುತ್ತದೆ, ಬಂಗುಡೆ ಮುಗಿದಿರುತ್ತದೆ. ಪಕ್ಕದ ಚೈನೀಸ್ ಅಂಗಡಿ ಮಾತ್ರ ತೆರೆದಿರುತ್ತದೆ. ರಾತ್ರಿ ಊಟ ಏಳೂವರೆ, ಎಂಟಕ್ಕೆ ಶುರು. ಸಣ್ಣ ಊರುಗಳಲ್ಲಿ ಹತ್ತು ಗಂಟೆ ತನಕ ಕಾಯಬೇಡಿ.

ಇನ್ನು ನಿಮ್ಮ ಲೆಕ್ಕಕ್ಕೆ ಬರೋಣ. ಠಾಣೆಯಿಂದ ಮಧ್ಯಾಹ್ನದ ಊಟಕ್ಕೆ ಮಾಲವಣ ಮುಟ್ಟುವ ಆಸೆ ಬೇಡ. ಅದು ಆಗದ ಮಾತು. ಬೆಳಗಿನ ಜಾವ ಐದಕ್ಕೆ ಮೊದಲೇ ಹೊರಡಿ. ಪೇಣ್, ಕೋಲಾಡ್ ಕಡೆ ಬಿಸಿ ಮಿಸಳ್ ತಿಂದು, ಮಾಣಗಾವ್ ಪೇಟೆಯನ್ನು ಜನ ಸೇರುವ ಮೊದಲೇ ದಾಟಿಬಿಡಿ. ರಜೆ ದಿನ ಅಲ್ಲಿ ಸಿಕ್ಕಿಕೊಂಡರೆ ಮುಂದಿನ ಲೆಕ್ಕ ಎಲ್ಲಾ ತಪ್ಪುತ್ತದೆ. ಮಧ್ಯಾಹ್ನಕ್ಕೆ ಚಿಪ್ಳೂಣ್ ಅಥವಾ ಸಂಗಮೇಶ್ವರ. ಸಂಜೆ ಕಸಾಲ್‌ನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಮಾಲವಣ. ಮೊದಲ ರಾತ್ರಿ ಅಲ್ಲಿ ಕೋಂಬಡಿ ವಡೆ ತಿನ್ನಿ. ಮೀನಿನ ಊಟವನ್ನು ಮರುದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ದೋಣಿಯಲ್ಲಿ ಸಿಂಧುದುರ್ಗ ಕೋಟೆ ನೋಡಿ ಬಂದರೆ ಹೊಟ್ಟೆ ತಾನೇ ಹಸಿದಿರುತ್ತದೆ. 12.30ಕ್ಕೆ ಎಲೆಯ ಮುಂದೆ ಕೂತಿರಬೇಕು. ಊಟ ಮುಗಿಸಿ ವೆಂಗುರ್ಲಾ, ಶಿರೋಡಾ, ಆರೋಂದಾ ಕಡೆಯಿಂದ ಗೋವಾಕ್ಕೆ ಇಳಿಯಿರಿ. ಹೆದ್ದಾರಿಗಿಂತ ನಿಧಾನ, ಆದರೆ ಅಡಿಕೆ, ತೆಂಗು, ಗೇರು ತೋಟದ ನಡುವೆ ಹೋಗುವ ದಾರಿ.

ಕೋಂಬಡಿ ವಡೆ ನೋಡಿಲ್ಲದವರಿಗೆ ಹೇಳಬೇಕು. ಅಕ್ಕಿ, ಉದ್ದು, ಕಡಲೆಬೇಳೆಗೆ ಕೊತ್ತಂಬರಿ ಬೀಜ, ಸ್ವಲ್ಪ ಮೆಂತ್ಯೆ ಸೇರಿಸಿ ಬೀಸಿದ ಹಿಟ್ಟು. ಬಿಸಿನೀರಲ್ಲಿ ಕಲಸಿ ಇಡುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು ಬಾಳೆಎಲೆ ತುಂಡಿನ ಮೇಲೆ ತಟ್ಟಿ ಎಣ್ಣೆಗೆ ಬಿಡುತ್ತಾರೆ. ಪೂರಿಯ ಹಾಗೆ ಉಬ್ಬುತ್ತದೆ, ಆದರೆ ಪೂರಿಗಿಂತ ದಪ್ಪ, ಹೊರಗೆ ಗರಿ, ಒಳಗೆ ಮೆದು. ಕಪ್ಪಗೆ ಹುರಿದ ಕಾಯಿಯ ಕೋಳಿ ಸಾರಿನಲ್ಲಿ ಅದ್ದಿ ತಿನ್ನಬೇಕು. ತಣ್ಣಗಾದ ವಡೆ ತಂದಿಟ್ಟರೆ ಬಿಸಿಯದು ಕೊಡಿ ಅಂತ ಕೇಳಿ, ಕೊಡುತ್ತಾರೆ.

ಹೆಸರು ಬೇಕಾದರೆ ಮಾಲವಣದಲ್ಲಿ ಚೈತನ್ಯ, ಅತಿಥಿ ಬಾಂಬೂ ಎರಡೂ ಹಳೆಯವು, ಜನ ತುಂಬಿರುತ್ತದೆ. ಆದರೆ ಹೆಸರಿಗಿಂತ ಒಂದು ಪ್ರಶ್ನೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಎಲ್ಲಿ ಕೂತರೂ ಮೆನು ಮುಟ್ಟುವ ಮೊದಲು ಕೇಳಿ: "ಆಜ್ ಕಾಯ್ ತಾಜೆ ಮಾಸೆ ಆಲೇತ್?" ಇವತ್ತು ತಾಜಾ ಮೀನು ಏನು ಬಂದಿದೆ ಅಂತ ಅರ್ಥ. ಅವರು ಬಂಗುಡೆ ಅಂದರೆ ಬಂಗುಡೆಯನ್ನೇ ತಗೊಳ್ಳಿ. ಸುರಮೈ, ಪಾಪ್ಲೆಟ್ ಅಂತ ಹಟ ಹಿಡಿಯಬೇಡಿ. ಅವು ದುಬಾರಿ, ಎಷ್ಟೋ ಸಲ ಐಸಿನಲ್ಲಿ ಇಟ್ಟದ್ದು. ಅಂದೇ ಬಂದ ಬಂಗುಡೆಗೆ ರವೆ ಹಚ್ಚಿ ಕಬ್ಬಿಣದ ಕಾವಲಿಯಲ್ಲಿ ಹುರಿದರೆ ಅದರ ಮುಂದೆ ಯಾವ ಪಾಪ್ಲೆಟ್ಟೂ ಇಲ್ಲ.

ನೆರೂಳ್

ಡೊಂಬಿವಲಿಯವರು ಹೇಳಿದ್ದು ಸರಿ, ಆದರೆ ವಯಸ್ಸಾದವರು ಜತೆಗಿದ್ದಾಗ ನಾನು ಫುಡ್ ಮಾಲ್ ಪರವೇ. ಟಾಯ್ಲೆಟ್ ಶುಚಿಯಾಗಿರುತ್ತದೆ, ಪಾರ್ಕಿಂಗ್ ಇರುತ್ತದೆ. ಗೊತ್ತಿಲ್ಲದ ಊರಿನ ಖಾನಾವಳಿಯಲ್ಲಿ ನೀರು ಹೇಗೋ, ಎಣ್ಣೆ ಹೇಗೋ. ಹೊಟ್ಟೆ ಕೆಟ್ಟರೆ ಮುಂದಿನ ಎರಡು ದಿನ ಯಾರು ನೋಡುತ್ತಾರೆ? ನನ್ನ ಅತ್ತೆಯವರಿಗೆ ಒಮ್ಮೆ ಹಾಗೆ ಆಗಿ ದಾರಿಯಲ್ಲೇ ಡಾಕ್ಟರ್ ಹುಡುಕಬೇಕಾಯಿತು.

ಡೊಂಬಿವಲಿ ಪೂರ್ವ

ನಿಮ್ಮ ಆತಂಕ ಅರ್ಥವಾಗುತ್ತದೆ ಸರ್. ಟಾಯ್ಲೆಟ್ಟಿಗೆ ಫುಡ್ ಮಾಲ್, ಒಳ್ಳೆ ಪೆಟ್ರೋಲ್ ಪಂಪ್ ಧಾರಾಳವಾಗಿ ಬಳಸಿ. ಚಹಾವನ್ನೂ ಅಲ್ಲೇ ಕುಡಿಯಿರಿ. ಊಟ ಮಾತ್ರ ಊರೊಳಗೆ ಮಾಡಿ ಅಂತ ನನ್ನ ಮಾತು.

ಶುಚಿ ಗೊತ್ತಾಗುವುದು ಕಷ್ಟವಲ್ಲ. ಒಳಗೆ ಹೋದ ಕೂಡಲೇ ಕೈ ತೊಳೆಯುವ ನೆಪದಲ್ಲಿ ಹಿಂದೆ ಹೋಗಿ. ಬೇಸಿನ್ ಹೇಗಿದೆ, ಅಡುಗೆಮನೆಯಿಂದ ಎಂಥ ವಾಸನೆ ಬರುತ್ತಿದೆ, ಹುರಿದ ಎಣ್ಣೆ ಕಪ್ಪಾಗಿದೆಯಾ ಅಂತ ಒಂದು ನೋಟದಲ್ಲಿ ತಿಳಿಯುತ್ತದೆ. ಒಂದು ಗಂಟೆ ಹೊತ್ತಿಗೆ ಬ್ಯಾಂಕಿನವರು, ತಹಸೀಲ್ದಾರ್ ಕಚೇರಿಯವರು, ಎಸ್‌ಟಿ ಬಸ್ಸಿನ ಕಂಡಕ್ಟರ್ ಕೂತು ಉಣ್ಣುತ್ತಿದ್ದರೆ ಧೈರ್ಯವಾಗಿ ಕೂರಿ. ದಿನಾ ಬರುವವರಿಗೆ ಕೆಟ್ಟದ್ದು ಬಡಿಸಿ ಯಾರೂ ಅಂಗಡಿ ನಡೆಸುವುದಕ್ಕೆ ಆಗುವುದಿಲ್ಲ ಅಲ್ವಾ? ಕುಡಿಯುವ ನೀರು ಬಾಟಲಿಯದ್ದೇ ಇರಲಿ. ಸೋಲಕಡಿ ಅಂದೇ ಮಾಡಿದ್ದು ಹೌದಾ ಅಂತ ಕೇಳಿ ಕುಡಿಯಿರಿ. ತೆಂಗಿನ ಹಾಲಿನದು, ಬೇಗ ಹುಳಿ ಬರುತ್ತದೆ.

ಕೋಥ್ರೂಡ್, ಪುಣೆ

ಪುಣೆಯಿಂದ ಹೊರಡುವವರೂ ಇದನ್ನ ಓದುತ್ತಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ ರೀ. ನಾವು ಧಾರವಾಡದ ಕಡೆಯವರು, ಮೀನು ಕಲಿತದ್ದು ಇಲ್ಲಿಗೆ ಬಂದ ಮೇಲೆ. ನಮಗೆ ಪನ್ವೇಲ್ ದಾರಿ ಬೇಕಾಗಿಲ್ಲ. ಕೊಲ್ಹಾಪುರ, ಆಜರಾ, ಆಂಬೋಲಿ ಘಾಟ್, ಸಾವಂತವಾಡಿ. ಬೆಳಿಗ್ಗೆ ಬೇಗ ಬಿಟ್ಟರೆ ಮಧ್ಯಾಹ್ನದ ಮೀನಿನ ಊಟಕ್ಕೆ ಸಾವಂತವಾಡಿ ಸರಿಯಾಗಿ ಸಿಗುತ್ತದೆ. ಘಾಟ್ ಮೇಲೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ, ಅಂದರೆ ಕೊಲ್ಹಾಪುರದ ಕೆಂಪು, ಬಿಳಿ ಮಾಂಸದ ಸಾರು. ಘಾಟ್ ಇಳಿದ ಕೂಡಲೇ ತೆಂಗಿನಕಾಯಿ, ಕೋಕಂ. ಒಂದೇ ದಿನದಲ್ಲಿ ಎರಡು ದೇಶ ನೋಡಿದ ಹಾಗೆ.

ಹತ್ತಿರದ ಪ್ರವಾಸ ಸಾಕು ಅನ್ನುವವರು ತಾಮ್ಹಿಣಿ ಘಾಟ್ ಇಳಿದು ದಿವೇ ಆಗರ್, ಹರಿಹರೇಶ್ವರ ಕಡೆ ಹೋಗಬಹುದು. ಅಲ್ಲಿ ಮನೆಗಳಲ್ಲೇ ಊಟ ಹಾಕುತ್ತಾರೆ. ಒಂದು ಮಾತು ನೆನಪಿರಲಿ, ಬೆಳಿಗ್ಗೆಯೇ ಫೋನ್ ಮಾಡಿ ಎಷ್ಟು ಎಲೆ ಅಂತ ಹೇಳಬೇಕು. ಹೇಳದೆ ಹೋದರೆ ಅಡುಗೆ ಇರುವುದಿಲ್ಲ. ಹಬೆಯಲ್ಲಿ ಬೇಯಿಸಿದ ಉಕ್ಕಡಿಚೆ ಮೋದಕ ಬೇಕಾದರೆ ಅದನ್ನೂ ಆಗಲೇ ಹೇಳಿ.

ಮಡಗಾಂವ್, ಗೋವಾ

ಪಣಜಿಯ ರಾತ್ರಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಇಲ್ಲಿ ಕೆಲಸಕ್ಕೆ ಸೇರಿ ಅರ್ಧ ಆಯಸ್ಸು ಕಳೆದಿದ್ದೇನೆ. ಗೋವಾದ ನಿಜವಾದ ಊಟ ಮಧ್ಯಾಹ್ನದ ಊಟ. ನೀವು ಸಂಜೆ ಬಂದು ಬೆಳಿಗ್ಗೆ ಹೋಗುವ ಲೆಕ್ಕ ಹಾಕಿದ್ದೀರಿ. ಅಂದರೆ ಗೋವಾದ ಥಾಲಿಯನ್ನು ಮುಟ್ಟದೆ ಗೋವಾ ದಾಟುತ್ತೀರಿ. ಫಿಶ್ ಥಾಲಿ ಹೆಚ್ಚಿನ ಕಡೆ ಮಧ್ಯಾಹ್ನ ಮಾತ್ರ. ಮೂರಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಏಳಕ್ಕೆ. ಸಣ್ಣ ಊರುಗಳಲ್ಲಿ ಅಂಗಡಿಗಳೂ ಮಧ್ಯಾಹ್ನ ಮಲಗುತ್ತವೆ.

ದಯವಿಟ್ಟು ಇನ್ನೊಂದು ಮಧ್ಯಾಹ್ನ ಗೋವಾಕ್ಕೆ ಕೊಡಿ. ಥಾಲಿ ಅಂದರೆ ಏನು ಬರುತ್ತದೆ ಅಂತ ಹೇಳುತ್ತೇನೆ. ಕೆಂಪು ಅಕ್ಕಿ ಇದ್ದರೆ ಅದನ್ನೇ ಕೇಳಿ. ಅರಿಶಿನ ಕೆಂಪಿನ ಕಾಯಿ ಸಾರು, ಅದರಲ್ಲಿ ಒಂದು ತುಂಡು ಮೀನು ಅಥವಾ ಸಿಗಡಿ. ರವೆ ಹಚ್ಚಿ ಹುರಿದ ಮೀನು. ಕಾಯಿತುರಿ ಹಾಕಿದ ತಿಸ್ರ್ಯೊ, ಅಂದರೆ ನಮ್ಮ ಮರುವಾಯಿ, ಚಿಪ್ಪಿಮೀನು. ಒಣ ಸಿಗಡಿಗೆ ಈರುಳ್ಳಿ, ಕಾಯಿ, ಹುಳಿ ಹಾಕಿ ಕಲಸಿದ ಕಿಸ್ಮೂರ್ ಒಂದು ಚಮಚ. ಒಂದು ಪಲ್ಯ, ಉಪ್ಪಿನಕಾಯಿ, ಸೋಲಕಡಿ. ಕಿಸ್ಮೂರ್ ಬಿಡಬೇಡಿ. ಅನ್ನ ಸಾರಿನ ಜತೆ ಅದನ್ನು ಕಲಸಿ ಉಂಡವರು ಇನ್ನೊಂದು ಸಲ ಕೇಳದೆ ಏಳುವುದಿಲ್ಲ. ಬಂಗುಡೆ ಸಾರಿನಲ್ಲಿ ತಿರ್ಫಳ ಇರುತ್ತದೆ, ನಮ್ಮ ಕಡೆಯ ಜುಮ್ಮನಕಾಯಿ. ಮಕ್ಕಳಿಗೆ ಮೊದಲೇ ಹೇಳಿ. ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ, ಬದಿಗಿಟ್ಟು ಉಣ್ಣಬೇಕು.

ಪಣಜಿಯಲ್ಲಿ ರಿಟ್ಜ್ ಕ್ಲಾಸಿಕ್ ಹೆಸರು ಎಲ್ಲರಿಗೂ ಗೊತ್ತು. ಒಂದು ಗಂಟೆಗೆ ಹೋದರೆ ಮೆಟ್ಟಿಲ ಮೇಲೆ ಕಾಯಬೇಕು, 12ಕ್ಕೇ ಹೋಗಿ. ಹಿಂದಿನ ಸಂಜೆ ಬೀದಿಬದಿಯ ಗಾಡಿಯಲ್ಲಿ ರೋಸ್ ಆಮ್ಲೆಟ್ ತಿನ್ನಿ. ಆಮ್ಲೆಟ್ ಮೇಲೆ ಶಾಗೋತಿ, ಅಂದರೆ ಹುರಿದ ಕಾಯಿಮಸಾಲೆಯ ಗೋವಾ ಸಾರಿನ ರಸ ಸುರಿದು, ಮೇಲೆ ಈರುಳ್ಳಿ ಉದುರಿಸಿ, ಪಾವ್ ಜತೆ ಕೊಡುತ್ತಾರೆ. ಬೆಳಿಗ್ಗೆ ಭಾಜಿ ಪಾವ್. ಮುಂಬಯಿಯ ಪಾವ್ ಭಾಜಿ ಅಂದುಕೊಂಡು ಕೂರಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ತೆಳ್ಳಗಿನ ಪಾತಳ್ ಭಾಜಿ, ಒಣ ಆಲೂಗಡ್ಡೆಯ ಸುಕಿ ಭಾಜಿ, ಕಾಯಿ ಮಸಾಲೆಯ ತೊಣಾಕ್. ಎರಡು ಸೇರಿಸಿ ಮಿಕ್ಸ್ ಅಂತ ಕೇಳಬಹುದು. ಕೆಫೆ ತಾತೊ ಶಾಕಾಹಾರಿ, ನಿಮ್ಮ ಅಪ್ಪನವರಿಗೆ ಯೋಚನೆಯೇ ಇಲ್ಲ. ಬ್ರೆಡ್ ಮಾರುವ ಪೊದೇರ್ ಸೈಕಲ್ ಮೇಲೆ ಹಾರ್ನ್ ಹೊಡೆಯುತ್ತಾ ಬಂದರೆ ಪೊಯಿ ತಗೊಳ್ಳಿ. ತೌಡು ಅಂಟಿದ, ಒಳಗೆ ಪೊಳ್ಳಾದ ಬ್ರೆಡ್. ಬಿಸಿ ಇರುವಾಗಲೇ ಬೆಣ್ಣೆ ಹಚ್ಚಿ ಕೊಟ್ಟರೆ ಮಕ್ಕಳು ಕಾರಿನಲ್ಲೇ ಮುಗಿಸುತ್ತಾರೆ.

ಒಂದು ಎಚ್ಚರ. ಸಮುದ್ರದಂಚಿನ ಶ್ಯಾಕ್ ಅನ್ನುವ ಗುಡಿಸಲು ಹೋಟೆಲುಗಳಲ್ಲಿ ಮೀನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ದರ ತೂಕದ ಮೇಲೆ. ತೂಕ ಎಷ್ಟು, ಕಿಲೋಗೆ ಎಷ್ಟು ಅಂತ ಹುರಿಯುವ ಮೊದಲೇ ಬಾಯಿ ಬಿಟ್ಟು ಕೇಳಿ. ಉತ್ತರ ಗೋವಾದ ಒಂದು ಕಡೆ ನಮ್ಮ ನೆಂಟರಿಗೆ ಒಂದೇ ಮೀನಿಗೆ ಬಂದ ಬಿಲ್ಲಿನಲ್ಲಿ ಇಡೀ ಮನೆಯವರು ಮಡಗಾಂವ್‌ನಲ್ಲಿ ಎರಡು ಹೊತ್ತು ಉಣ್ಣಬಹುದಿತ್ತು.

ಠಾಣೆ ಪಶ್ಚಿಮ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನ ವಿಷಯ ಸ್ವಲ್ಪ ಹೇಳಿ. ಮಾಲವಣದಲ್ಲಿ ಅವರು ಏನು ಉಣ್ಣಬಹುದು? ಬರೀ ದಾಲ್ ಫ್ರೈ, ಜೀರಾ ರೈಸ್ ಆದರೆ ಬೇಜಾರು. ಸಣ್ಣವಳಿಗೆ ಖಾರ ಆಗುವುದಿಲ್ಲ.

ಬೋರಿವಲಿ ಪಶ್ಚಿಮ

ನಾನು ಅಂಕೋಲೆಯವಳು. ಮಾಲವಣಿ ಅಡುಗೆ ಅಂದರೆ ಬರೀ ಮೀನು, ಕೋಳಿ ಅಂತ ಮುಂಬಯಿಯವರು ತಿಳಿದುಕೊಂಡಿದ್ದಾರೆ. ಆ ಮನೆಗಳಲ್ಲಿ ಮೀನು, ಕೋಳಿ ಮುಟ್ಟದ ಸೋಮವಾರ ಏನು ಮಾಡುತ್ತಾರೆ ಅಂತ ಕೇಳಿ ನೋಡಿ! ಕಪ್ಪು ಬಟಾಣಿಯ ಉಸಳ್ ಮಾಡುತ್ತಾರೆ, ಕೋಳಿ ಸಾರಿಗೆ ಹಾಕುವ ಅದೇ ಹುರಿದ ಕಾಯಿಯ ಮಸಾಲೆಯಲ್ಲಿ. ಅದಕ್ಕೆ ದೋಸೆಯಂಥ ಆಂಬೋಳಿ ಅಥವಾ ವಡೆ. ನಿಮ್ಮ ಅಪ್ಪನವರಿಗೆ ಇದನ್ನೇ ಹೇಳಿ. ನೀವೆಲ್ಲ ಕೋಂಬಡಿ ವಡೆ ತಿನ್ನುವಾಗ ಅವರ ಎಲೆಯಲ್ಲೂ ಅದೇ ವಡೆ, ಅದೇ ಘಮ ಇರುತ್ತದೆ. ಊಟಕ್ಕೆ ಕೂತಾಗ ಒಬ್ಬರೇ ಬೇರೆ ಅನ್ನಿಸಬಾರದು ನೋಡಿ. ಕಾವಲಿ ಬೇರೆ ಬೇಕು ಅನ್ನುವವರಾದರೆ ಶುದ್ಧ ಶಾಕಾಹಾರಿ ಖಾನಾವಳಿಗಳೂ ಇವೆ, ಬೋರ್ಡ್ ಮೇಲೆ ಬರೆದಿರುತ್ತಾರೆ.

ಸಣ್ಣವಳಿಗೆ ಘಾವನೆ ಕೊಡಿಸಿ. ನಮ್ಮ ನೀರುದೋಸೆಯೇ. ಕಾಯಿ, ಬೆಲ್ಲದ ರಸದ ಜತೆ ಕೊಡುತ್ತಾರೆ. ಶಿರವಾಳೆ ಸಿಕ್ಕರಂತೂ ಬಿಡಬೇಡಿ, ನಮ್ಮ ಒತ್ತು ಶ್ಯಾವಿಗೆ ಮತ್ತು ಕಾಯಿಹಾಲು. ಅದು ದಿನಾ ಇರುವುದಿಲ್ಲ, ಉಳಿಯುವ ಮನೆಯವರಿಗೆ ಹಿಂದಿನ ದಿನ ಹೇಳಿದರೆ ಮಾಡಿಕೊಡುತ್ತಾರೆ. ಊಟಕ್ಕೆ ವರಣ್ ಭಾತ್, ಅಂದರೆ ಸಪ್ಪೆ ತೊವ್ವೆ ಅನ್ನ, ಅದರ ಮೇಲೆ ತುಪ್ಪ, ಜತೆಗೆ ಮಸಾಲೆ ಕಮ್ಮಿ ಹಾಕಿ ಹುರಿದ ಮೀನು.

ಮಡಗಾಂವ್‌ನವರ ಒಂದು ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಮೂರನೇ ದಿನದ ಮಧ್ಯಾಹ್ನವನ್ನು ಗೋವಾಕ್ಕೆ ಕೊಟ್ಟರೆ ಕಾರವಾರ ಏನಾಗಬೇಕು? ಪಣಜಿಯಲ್ಲಿ ಭಾಜಿ ಪಾವ್ ತಿಂದು ಒಂಬತ್ತಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಕಾರವಾರ ಆರಾಮಾಗಿ ಮುಟ್ಟಬಹುದು. ಅಮೃತ್ ಹೋಟೆಲಿಗೆ ಹೋಗಿ, ಶೆಟ್ಲಿ (ಸಿಗಡಿ), ಇಸ್ವಾಣ (ಸುರಮೈ) ಏನು ಬಂದಿದೆ ಕೇಳಿ. ಅಂಕೋಲೆ, ಕುಮಟೆ ಕಡೆ ಬಳಚಿನ, ಅಂದರೆ ಚಿಪ್ಪಿಮೀನಿನ ಸುಕ್ಕಾ ಸಿಕ್ಕರೆ ತಿನ್ನಲೇಬೇಕು. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರಲ್ಲಿ ಇಳಿದು, ಬಗ್ಗಿ ಹೆಕ್ಕಿ ತರುವುದು ಅದು. ಒಂದೊಂದು ಚಿಪ್ಪಿನ ಹಿಂದೆ ಎಷ್ಟು ದುಡಿಮೆ ಇದೆ ಅಂತ ಕಣ್ಣಾರೆ ಕಂಡವಳು ನಾನು. ಗಡಿ ದಾಟಿದ ಕೂಡಲೇ ಕಾಯಿಮಸಾಲೆಯ ರುಚಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಮಾಲವಣ, ಪಣಜಿ, ಕಾರವಾರ ಮೂರೂ ಕಡೆ ಬಂಗುಡೆ ಸಾರನ್ನೇ ಉಂಡು ನೋಡಿ, ಗೊತ್ತಾಗುತ್ತದೆ.

ಮಡಗಾಂವ್, ಗೋವಾ

ಅಕ್ಕ, ಕಾರವಾರದ ಊಟ ಕಡಿಮೆ ಅಂತ ನಾನು ಹೇಳಲಿಲ್ಲ! ಅವರು ಒಂದು ರಾತ್ರಿ ಜಾಸ್ತಿ ಉಳಿದರೆ ಎರಡೂ ಆಗುತ್ತದೆ. ಎರಡನೇ ರಾತ್ರಿ ಪಣಜಿ, ಮೂರನೇ ದಿನದ ಥಾಲಿ ಪಣಜಿಯಲ್ಲೇ, ಸಂಜೆಗೆ ಗೋವಾದ ದಕ್ಷಿಣ ತುದಿಯ ಕಾಣಕೋಣ. ಮೂರನೇ ರಾತ್ರಿ ಅಲ್ಲಿ ಉಳಿಯಲಿ. ಅಲ್ಲಿಂದ ಕಾರವಾರ ಹತ್ತಿರ. ಡಿಸೆಂಬರ್ 25ರಿಂದ ಹೊಸ ವರ್ಷದ ತನಕ ರೂಮು ಸಿಗುವುದು ಕಷ್ಟ, ದರವೂ ಜಾಸ್ತಿ. ಕ್ರಿಸ್‌ಮಸ್‌ಗೆ ನಾಲ್ಕೈದು ದಿನ ಮೊದಲೇ ಬಂದರೆ ಒಳ್ಳೆಯದು.

ಕಲ್ಯಾಣ್

ನಾವು ಯಾವಾಗಲೂ ಮಕ್ಕಳ ರಜೆಗೆ ಜೂನ್‌ನಲ್ಲಿ ಹೋಗುವುದು. ಆಗಲೂ ಇದೇ ಊಟ ಸಿಗುತ್ತಾ?

ಡೊಂಬಿವಲಿ ಪೂರ್ವ

ಇದೇ ಊಟ ಸಿಗುವುದಿಲ್ಲ ಸರ್. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅಂತ. ಆಗ ಹೋಟೆಲಿನಲ್ಲಿ ಸುರಮೈ ಇದೆ ಅಂದರೆ ಅದು ಶೀತಲ ಪೆಟ್ಟಿಗೆಯದು ಇರಬಹುದು, ದೂರದಿಂದ ಬಂದದ್ದೂ ಇರಬಹುದು. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14, ಹಾಗಾಗಿ ಜೂನ್ ಅರ್ಧದ ಮೇಲೆ ಅಲ್ಲಿಂದ ಬರುತ್ತದೆ. ಮಳೆಗಾಲದಲ್ಲಿ ಹೋಗುವವರು ಆ ಕಾಲದ ಅಡುಗೆಯನ್ನೇ ಕೇಳಬೇಕು. ನದಿ ಮೀನು, ಚಿಪ್ಪು, ಒಣ ಬಂಗುಡೆ, ಒಣ ಸಿಗಡಿಯ ಚಟ್ನಿ. ಸುರಿಯುವ ಮಳೆಯಲ್ಲಿ ಬಿಸಿ ಗಂಜಿಗೆ ಸುಟ್ಟ ಒಣಮೀನು ಇದ್ದರೆ ಬೇರೆ ಏನು ಬೇಕು? ಗೋವಾದಲ್ಲಾದರೆ ಆಗ ಕಾಡಿನ ಅಳಂಬೆ, ಒಳಮಿ ಅನ್ನುತ್ತಾರೆ, ಅದರ ಶಾಗೋತಿಯೂ ಸಿಗುತ್ತದೆ.

ನಿಷೇಧ ಮುಗಿದ ಮೇಲೆ ನಾರಳಿ ಪೌರ್ಣಿಮೆಗೆ ಕೋಳಿ ಅನ್ನುವ ಮೀನುಗಾರ ಸಮುದಾಯದವರು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸುತ್ತಾರೆ. ಆದರೆ ಅದು ಶ್ರಾವಣ, ಎಷ್ಟೋ ಮನೆಗಳಲ್ಲಿ ಗಣಪತಿ ಕಳಿಸುವ ತನಕ ಮೀನು ಮುಟ್ಟುವುದಿಲ್ಲ, ಖಾನಾವಳಿಗಳೂ ಖಾಲಿ ಇರುತ್ತವೆ. ನನ್ನ ಕೇಳಿದರೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಮಾರ್ಚ್‌ನಲ್ಲಿ ಹೋದರೆ ವೆಂಗುರ್ಲಾ ಕಡೆ ಹಸಿ ಗೋಡಂಬಿಯ ಉಸಳ್ ಸಿಗುತ್ತದೆ. ಅದಕ್ಕಾಗಿಯೇ ಹೋಗುವವರಿದ್ದಾರೆ.

ಠಾಣೆ ಪಶ್ಚಿಮ

ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದೆವು. ಮೂರು ರಾತ್ರಿ: ಮಾಲವಣ, ಪಣಜಿ, ಕಾಣಕೋಣ. ಕಪ್ಪು ಬಟಾಣಿ, ವಡೆ ವಿಷಯ ಓದಿ ಹೇಳಿದ್ದಕ್ಕೆ ಅಪ್ಪ ಇವತ್ತೇ ಹೊರಡೋಣ ಅನ್ನುತ್ತಿದ್ದಾರೆ. ಡಿಸೆಂಬರ್ 20ರ ಸುಮಾರಿಗೆ ಬಿಡುತ್ತೇವೆ. ಹೊರಡುವ ಹಿಂದಿನ ಭಾನುವಾರ ಬಾಂದ್ರಾದ ಹೈವೇ ಗೋಮಾಂತಕ ಹೋಟೆಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತಿರ್ಫಳ, ಸೋಲಕಡಿ ಪರಿಚಯ ಮಾಡಿಸುವ ಯೋಚನೆಯೂ ಇದೆ.

ಬೋರಿವಲಿ ಪಶ್ಚಿಮ

ಆ ತಾರೀಕಿಗೆ ಮಾರ್ಗಶೀರ್ಷ ಮುಗಿದಿದೆಯಾ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಮಾರ್ಗಶೀರ್ಷದ ಗುರುವಾರ ಮರಾಠಿ ಮನೆಗಳಲ್ಲಿ ಲಕ್ಷ್ಮೀ ವ್ರತ. ಕೆಲವರು ಇಡೀ ತಿಂಗಳು ಮೀನು ಬಿಡುತ್ತಾರೆ. ಮಾಲವಣದ ಮಧ್ಯಾಹ್ನ ಗುರುವಾರ ಬೀಳದ ಹಾಗೆ ಇಟ್ಟುಕೊಳ್ಳಿ. ಸೋಮವಾರವೂ ಬೇಡ.

ಮಡಗಾಂವ್, ಗೋವಾ

ಪಣಜಿಯ ಥಾಲಿ ಭಾನುವಾರ ಬಿದ್ದರೆ ಫೋನ್ ಮಾಡಿ ವಿಚಾರಿಸಿ. ಮನೆಯವರು ನಡೆಸುವ ಸಣ್ಣ ಹೋಟೆಲುಗಳು ಅಂದು ಮುಚ್ಚಿರುತ್ತವೆ. ಮಡಗಾಂವ್ ದಾಟುವಾಗ ಒಂದು ಮೆಸೇಜ್ ಹಾಕಿ ಸರ್, ಅಂದು ಮಾರ್ಕೆಟ್ಟಿಗೆ ಏನು ಮೀನು ಬಂದಿದೆ ಅಂತ ನೋಡಿ ಹೇಳುತ್ತೇನೆ.